ಅರ್ಧ ಗಂಟೆಯ ಅಮ್ಮ

ಹೊಸಬರೆದುರು ತನಗೆ ಮಾತೇ ಹೊರಡುವುದಿಲ್ಲ ಎಂದು ಶಿಲ್ಪ ಒಳಗೊಳಗೇ ಒಪ್ಪಿಕೊಂಡು ವರ್ಷಗಳಾಗಿದ್ದವು. ಡಿಗ್ರಿ ಮುಗಿಸಿದ ಮೇಲೂ ಬಸ್ಸಿನಲ್ಲಿ 'ಇಳೀಬೇಕು' ಎಂದು ಕೂಗಲಾಗದೆ, ಮುಂದಿನ ಸ್ಟಾಪಿನಿಂದ ನಡೆದು ಬರುವವಳು ಅವಳು. ಅಂಥವಳನ್ನು ಅವತ್ತು ಬೆಳಿಗ್ಗೆ ಅಕ್ಕ ಶಶಿರೇಖಾ ಐದು ವರ್ಷದ ಮಗುವಿನ ತಾಯಿ ಮಾಡಿಬಿಟ್ಟಳು.

ಯಲಹಂಕದ ಶಾಲೆಯೊಂದರಲ್ಲಿ 'ವಿಶೇಷ ಪ್ರತಿಭೆಯ ಮಕ್ಕಳ ತರಗತಿ' ಶುರುವಾಗಿತ್ತು. ಶಶಿರೇಖಾಳ ಮಗಳು ರಕ್ಷಾಗೆ ಅಂದು ಸಂದರ್ಶನ. ತಾಯಿಯನ್ನೂ ಮಾತಾಡಿಸುತ್ತಾರಂತೆ.

"ತಾಯಿ ಡಿಗ್ರಿ ಮಾಡಿಲ್ಲಾಂದ್ರೆ ಗೇಟಿಂದ್ಲೇ ವಾಪಸ್ಸಂತೆ ಕಣೇ. ನಂದು ಪಿಯುಸಿ, ಅದೂ ಎರಡನೇ ಸಲಕ್ಕೆ. ಅರ್ಧ ಗಂಟೆ ನೀನೇ ಅಮ್ಮ ಆಗ್ಬಿಡು, ದಾಖಲೆಯೆಲ್ಲ ಆಮೇಲೆ ನೋಡ್ಕೊಂಡ್ರಾಯ್ತು. ಈ ಸೀಟ್ ತಪ್ಪಿದ್ರೆ ನನ್ ಮಗಳ ಜೀವನಾನೇ ಹೋಯ್ತು."

"ಅಕ್ಕಾ, ನಂಗೆ..."

"ನಿಂಗೇನೂ ಆಗಲ್ಲ. ಸೀರೆ ಉಟ್ಕೋ."

ಗುಟ್ಟು ಆಗಲೇ ಹೊಸ್ತಿಲು ದಾಟಿತ್ತು. ಯಲಹಂಕದ ಪಕ್ಕದ ಅವರ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆ ಓನರ್ ಅಕ್ಕಯ್ಯಮ್ಮ, ಫ್ಯಾನ್ಸಿ ಸ್ಟೋರಿನ ಕರಿಮಣಿ ಸರ ಹಿಡಿದು ಬಂದರು. "ಇಂಗೆ ಬರೀ ಕುತ್ಗೇಲೋದ್ರೆ ಯಾರ್ ನಂಬ್ತಾರವ್ವ? ಆಕ್ಕೋ."

ಮೇಲ್ಮನೆಯ ಕಾಶವ್ವ ತಮ್ಮ ಹಳೆಯ ಕಾಲುಂಗುರ ತಂದರು. "ಸಾಬಾಣ ಹಚ್ಚಿದ್ರ ಸಲೀಸ ಹೊಕ್ಕಾವ, ತಡಿ ಯವ್ವಾ." ಹೊಕ್ಕವು. ಶಿಲ್ಪಳ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ತಾಯಿ ಆದಾಕಿ ಇಷ್ಟ್ ನಾಚಬಾರ್ದು. ನಡುವ ಒಂದ್ಸಲ ಹುಡುಗಿ ತಲಿಗಿ ಮೊಟಕು. ಅವಾಗ ನಂಬ್ತಾರ."

ಶಶಿರೇಖಾ ಮಗಳಿಂದ ಕೊನೆಯ ಪಾಠ ಒಪ್ಪಿಸಿಕೊಂಡಳು. "ಅಲ್ಲಿ ಚಿಕ್ಕಿ ಅನ್ನಬಾರ್ದು. ಏನನ್ಬೇಕು?"

"ಮಮ್ಮಿ."

"ಹಾಗಾದ್ರೆ ನಾನ್ಯಾರು?"

ರಕ್ಷಾ ಯೋಚಿಸಿ, "ಕೆಲಸದ ಆಂಟಿ" ಎಂದಳು.

ಆಟೋ ಶಾಲೆ ಮುಟ್ಟಿದಾಗ ಶಶಿರೇಖಾ ಎದುರಿನ ಬೇಕರಿಯಲ್ಲಿ ಅಡಗಿದಳು. ಶಿಲ್ಪ ರಕ್ಷಾಳ ಕೈ ಹಿಡಿದು ಕುಂಟುತ್ತ ಒಳಗೆ ಹೋದಳು. ಹಾಲ್ ತುಂಬ ತಂದೆತಾಯಿಯರು, ಹಸಿ ಸೌದೆಯ ಒಲೆ ಊದುವ ಹಾಗೆ, ಮಕ್ಕಳ ಕಿವಿಯಲ್ಲಿ ರಾಜಧಾನಿಗಳ ಹೆಸರು ಊದುತ್ತಿದ್ದರು.

"ನಿಮ್ ಮಗಳಿಗೆ ಮಗ್ಗಿ ಎಲ್ಲೀತನಕ ಬರತ್ತೆ?" ಪಕ್ಕದಾಕೆ ಕೇಳಿದರು.

"ನಮ್ಮಕ್ಕನ್ನ..." ಎಂದು ಶುರುಮಾಡಿದ ಶಿಲ್ಪ ಮಿಕ್ಕಿದ್ದನ್ನು ಕೆಮ್ಮಿನಲ್ಲಿ ಮುಗಿಸಿದಳು.

ಮೊದಲು ರಕ್ಷಾಳೊಬ್ಬಳನ್ನೇ ಪಕ್ಕದ ಕೋಣೆಗೆ ಕರೆದರು. ಬಹಳ ಹೊತ್ತಾದ ಮೇಲೆ ಶಿಲ್ಪಳ ಸರದಿ. ಕೈ ಮುಗಿಯಬೇಕೋ, ಗುಡ್ ಮಾರ್ನಿಂಗ್ ಎನ್ನಬೇಕೋ ತಿಳಿಯದೆ ಎರಡರ ನಡುವೆ ಏನನ್ನೋ ಮಾಡಿದಳು. ಸಂದರ್ಶನ ಮಾಡುತ್ತಿದ್ದ ಯಶೋಧಾ ಮೇಡಂ ಮಾತ್ರ ನಗುತ್ತಿದ್ದರು.

"ಕೂತ್ಕೊಳ್ಳಿ. ನಿಮ್ಮನ್ನೇನೂ ಕೇಳೋದಿಲ್ಲ. ಬೆಳಗ್ಗಿಂದ ಮಕ್ಕಳೆಲ್ಲ ಬಾಯಿಪಾಠ ಒಪ್ಸಿ ಹೋದ್ವು. ಇವಳಿಗೆ ಒಂದು ಕತೆ ಹೇಳು ಅಂದೆ. ನೀವು ಇವಳ ಅಮ್ಮ ಅಲ್ವಂತೆ, ಚಿಕ್ಕಿ ಅಂತೆ. ನಿಜವಾದ ಅಮ್ಮ ಬೇಕರೀಲಿ ಪಫ್ ತಿಂತಾ ಅಡಗಿದಾಳಂತೆ. ಕಾಲುಂಗುರ ಹೋಗ್ಲಿಲ್ಲ ಅಂತ ಸೋಪ್ ಬೇರೆ ಹಚ್ಚಿದ್ರಂತೆ. ಈ ವಯಸ್ಸಿಗೆ ಇಂಥ ಕಲ್ಪನೆ ನಾನ್ ನೋಡೇ ಇಲ್ಲ. ಸೀಟು ನಿಮ್ದೇ."

ಶಿಲ್ಪಳಿಗೆ ಹೋದ ಜೀವ ಬಂದಂತಾಯಿತು. ಸುಮ್ಮನೆ ತಲೆಯಾಡಿಸಿ ಎದ್ದರೆ ಸಾಕಿತ್ತು. ಮೇಡಂ ಹೆಸರು ಬರೆಯಲು ಪೆನ್ನು ತೆಗೆದು, ರಕ್ಷಾಳ ಕೆನ್ನೆ ಹಿಂಡಿದರು. "ಎಷ್ಟು ಚಂದದ ಸುಳ್ಳು ಪುಟ್ಟಿ ನಿಂದು."

"ಸುಳ್ಳಲ್ಲ."

"ಆಯ್ತಮ್ಮ, ಕತೆ."

"ಕತೆನೂ ಅಲ್ಲ." ರಕ್ಷಾಳ ಕೆಳದುಟಿ ಮುಂದೆ ಬಂತು. ಕಣ್ಣು ತುಂಬಿಕೊಂಡು ಶಿಲ್ಪಳ ಸೆರಗು ಜಗ್ಗಿದಳು. "ನೀನೇ ಹೇಳು. ನಾನು ಸುಳ್ಳಿ ಏನು?"

ಕಿಟಕಿಯಾಚೆ, ರಸ್ತೆಯ ಆ ಬದಿಯಲ್ಲಿ ಶಶಿರೇಖಾ ಎರಡೂ ಕೈ ಎತ್ತಿ 'ಏನಾಯ್ತು' ಎಂದು ಸನ್ನೆ ಮಾಡುತ್ತಿದ್ದಳು.

"ಅವಳು ಸುಳ್ಳು ಹೇಳಿಲ್ಲ ಮೇಡಂ," ಎಂದಳು ಶಿಲ್ಪ, ಹೊರಗೆ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ನಾನು ಅವಳ ಚಿಕ್ಕಿ."