ಧರ್ಮವಿಲ್ಲದ ಕಚೇರಿಯಲ್ಲಿ ಆರು ತಿಂಗಳು

ದೇವರ ಗೊಡವೆಗೇ ಹೋಗದವನನ್ನು ದೇವರು ಕಚೇರಿಯವರೆಗೂ ಹುಡುಕಿಕೊಂಡು ಬರುತ್ತಾನೆ. ಜರ್ಮನಿಯ ಆಖೆನ್ ನಗರದ ಹತ್ತಿರದ ಪುಟ್ಟ ಊರೊಂದರ ನಗರಾಡಳಿತದಲ್ಲಿ ನೀರಿನ ಕೊಳವೆಗಳ ನಕ್ಷೆ ತಯಾರಿಸುವುದು ನನ್ನ ಕೆಲಸ. ಮೊದಲ ಆರು ತಿಂಗಳು ಪ್ರೊಬೇಷನ್. ಅದು ದಾಟದಿದ್ದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಐವತ್ತರ ಹತ್ತಿರದಲ್ಲಿ ಮತ್ತೆ ಅರ್ಜಿ ಹಿಡಿದು ಅಲೆಯುವ ಹುಮ್ಮಸ್ಸು ನನಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಅಂದುಕೊಂಡಿದ್ದೆ.

ಎರಡು ಅಡ್ಡಗೆರೆ

ಮೊದಲ ದಿನ ಸಿಬ್ಬಂದಿ ವಿಭಾಗದಾಕೆ ನನ್ನ ಧರ್ಮ ಕೇಳಿದರು. ಸಂಬಳದಲ್ಲಿ ಚರ್ಚ್ ತೆರಿಗೆ ಹಿಡಿಯಬೇಕೋ ಬೇಡವೋ ಎಂದು ತಿಳಿಯಲು ಇಲ್ಲಿ ಸರ್ಕಾರವೇ ಇದನ್ನು ಕೇಳುತ್ತದೆ.

"ಹಿಂದೂ" ಎಂದೆ.

ಆಕೆ ಪರದೆಯ ಮೇಲಿನ ಪಟ್ಟಿಯನ್ನು ಎರಡು ಸಲ ಓಡಿಸಿದರು. "ಇಲ್ಲ. ಧರ್ಮವಿಲ್ಲ ಅಂತ ಹಾಕುತ್ತೇನೆ."

"ನನಗೆ ಇದೆಯಲ್ಲ?"

"ನಿಮಗೆ ಇರಬಹುದು. ಕಂಪ್ಯೂಟರಿಗೆ ಇಲ್ಲ."

ಎರಡು ಅಡ್ಡಗೆರೆ ಒತ್ತಿದರು. ಮುಕ್ಕೋಟಿ ದೇವತೆಗಳೂ ಆ ಎರಡು ಗೆರೆಯೊಳಗೇ ಅಡಗಿದರು.

ಯಂತ್ರದ ಕುಂಕುಮ

ಇಪ್ಪತ್ತು ವರ್ಷ ಮಂಗಳೂರಿನ ಕಾರ್ಖಾನೆಯಲ್ಲಿ ದುಡಿದ ಕೈ. ಆಯುಧಪೂಜೆಯ ದಿನ ನಕ್ಷೆ ಮುದ್ರಿಸುವ ಯಂತ್ರಕ್ಕೆ ತಾನಾಗಿಯೇ ಕುಂಕುಮ ಇಟ್ಟುಬಿಟ್ಟಿತು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಯಂತ್ರ ಆಫ್ ಆಗಿತ್ತು. ಕೆಂಪು ಶಾಯಿ ಸೋರುತ್ತಿದೆಯೆಂದು ಮೆಕ್ಯಾನಿಕ್‌ನನ್ನು ಕರೆಸಿದ್ದರು.

ಸೋರಿಕೆಯಲ್ಲ, ಪೂಜೆ ಎಂದು ಒಪ್ಪಿಕೊಂಡೆ. ನಮ್ಮ ವಿಭಾಗದ ಮುಖ್ಯಸ್ಥೆ ಒಳಗೆ ಕರೆದರು. "ಇದು ತಟಸ್ಥ ಕಚೇರಿ. ಗೋಡೆ, ಮೇಜು, ಯಂತ್ರ, ಯಾವುದರ ಮೇಲೂ ಧರ್ಮದ ಗುರುತು ಕೂಡದು. ಇನ್ನು ಮುಂದೆ ಅಂಥದ್ದು ಕಂಡರೆ ನೀವೇ ಒರೆಸಿ."

ಡಿಸೆಂಬರಿನಲ್ಲಿ ಅದೇ ಯಂತ್ರದ ಪಕ್ಕ ಎಂಟಡಿಯ ಮರ ಬಂತು. ತುದಿಯಲ್ಲಿ ನಕ್ಷತ್ರ, ಕೊಂಬೆಗೊಬ್ಬ ದೇವದೂತ.

"ಇದು?" ಎಂದೆ.

"ಅದು ಧರ್ಮವಲ್ಲ" ಎಂದರು ಮುಖ್ಯಸ್ಥೆ. "ಅದು ಡಿಸೆಂಬರ್."

ಒದ್ದೆ ಬಟ್ಟೆ

ಜನವರಿಯಲ್ಲಿ ರಜೆ ಮುಗಿಸಿ ಬಂದರೆ ಕಚೇರಿಯ ಬಾಗಿಲ ಮೇಲೆ ಸೀಮೆಸುಣ್ಣದ ಬರಹ. ವರ್ಷದ ಅಂಕಿ, ನಡುವೆ ಮೂರು ಅಕ್ಷರ, ಜೊತೆಗೆ ಪುಟ್ಟ ಪುಟ್ಟ ಶಿಲುಬೆ. ಆಜ್ಞೆ ನೆನಪಿತ್ತು. ಕುರ್ಚಿ ಹತ್ತಿ, ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿದೆ.

ಮುಖ್ಯಸ್ಥೆ ಬಂದವರು ಬಾಗಿಲಲ್ಲೇ ನಿಂತರು. "ಇಲ್ಲಿದ್ದ ಆಶೀರ್ವಾದ ಎಲ್ಲಿ?"

"ಒರೆಸಿದೆ. ನೀವೇ..."

"ಅದು ಮೇಯರ್ ಕೋಣೆಯ ಬಾಗಿಲ ಮೇಲೂ ಇದೆ!" ಎಂದರು. ಕೈಗವಸು ಕಳಚುತ್ತಾ, "ನಿಮ್ಮ ಪ್ರೊಬೇಷನ್ ವರದಿ ಶುಕ್ರವಾರ ಬರೆಯಬೇಕು" ಎಂದು ಒಳಗೆ ಹೋದರು.

ಕೆಳಗಿನ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ ಭಟ್ಕಳದ ಸಾಹೇಬರೊಬ್ಬರಿದ್ದಾರೆ. ಓಡಿಹೋಗಿ ಹೇಳಿದೆ.

"ಎಂತ ಮಾಡಿದ್ರಿ ಮಾರಾಯ್ರೇ! ಯೇಸು ಹುಟ್ಟಿದಾಗ ನೋಡಲು ಹೋದರಲ್ಲ ಮೂರು ರಾಜರು, ಚರ್ಚಿನ ಮಕ್ಕಳು ಅವರ ವೇಷ ಹಾಕಿ ಬಂದು ಬರೆದದ್ದು ಅದು. ಇಡೀ ವರ್ಷ ಯಾರೂ ಮುಟ್ಟುವುದಿಲ್ಲ."

"ಧರ್ಮದ ಗುರುತಲ್ಲವಾ?"

"ಇರ್ಲಿ. ನಾನು ಐದು ಹೊತ್ತು ನಮಾಜು ಮಾಡುವವ, ಆರು ವರ್ಷದಿಂದ ಅದರ ಅಡಿಯಲ್ಲೇ ಓಡಾಡ್ತಾ ಇದ್ದೇನೆ. ನನಗಿಲ್ಲದ ಅರ್ಜೆಂಟ್ ನಿಮಗೆಂತದ್ದು?"

ಮೂರನೇ ರಾಜ

ಮತ್ತೊಮ್ಮೆ ಬಂದು ಬರೆದುಕೊಡಿ ಎಂದು ಚರ್ಚಿಗೆ ಫೋನ್ ಮಾಡಿದೆ. ಮಕ್ಕಳಿಗೆ ಶಾಲೆ ಶುರುವಾಗಿದೆ, ಗುರುವಾರ ಇಬ್ಬರು ನಿವೃತ್ತ ಅಜ್ಜಂದಿರನ್ನು ಕಳಿಸಬಹುದು ಎಂದರು ಅಲ್ಲಿಯ ಮಹಿಳೆ.

"ರಾಜರು ಮೂವರಲ್ಲವೇ?"

"ಹೌದು. ಮೂವರೂ ಪೂರ್ವದಿಂದ ಬಂದವರು. ನೀವು ಎಲ್ಲಿಂದ?"

"ಉಡುಪಿ."

"ಅದು ಯಾವ ದಿಕ್ಕಿಗೆ?"

ಸುಳ್ಳು ಹೇಳುವಂತಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ಮಕ್ಕಳ ಅಳತೆಯ ಚಿನ್ನದ ಕಾಗದದ ಕಿರೀಟ ನನ್ನ ನೆತ್ತಿಯ ಮೇಲಿತ್ತು, ಹೆಗಲಿಗೆ ನೇರಳೆ ನಿಲುವಂಗಿ. ಅಜ್ಜಂದಿರು ಹಾಡಿದರು. ಇಬ್ಬರಿಗೂ ಮಂಡಿನೋವು, ಕುರ್ಚಿ ಹತ್ತಲಾರರು. ಸೀಮೆಸುಣ್ಣ ನನ್ನ ಕೈಗೆ ಬಂತು. ಎರಡು ಅಕ್ಷರ ಬರೆದಿದ್ದೆ, ಮುಖ್ಯಸ್ಥೆ ಬಂದರು. ಕಿರೀಟದಿಂದ ಕಾಲಿನವರೆಗೆ ನೋಡಿದರು.

"ನೌಕರರು ಕೆಲಸದ ವೇಳೆಯಲ್ಲಿ ಧಾರ್ಮಿಕ ಉಡುಪು ಧರಿಸುವಂತಿಲ್ಲ."

"ಇಳಿಯಲೇ?"

"ಅರ್ಧ ಆಶೀರ್ವಾದ ಇಟ್ಟುಕೊಂಡು ನಾನೇನು ಮಾಡಲಿ? ಕೆಳಗೆ ಹೋಗಿ ಹಾಜರಿ ಕಾರ್ಡ್ ಒತ್ತಿ ಹೊರಗೆ ಹೋದಂತೆ ತೋರಿಸಿ. ಆಮೇಲೆ ಬಂದು ಮುಗಿಸಿ."

ಕಿರೀಟ ತೆಗೆಯಲು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎರಡು ಮಹಡಿ ಇಳಿದು, ನೀರಿನ ಬಿಲ್ಲಿನ ತಕರಾರಿಗೆ ಸಾಲು ನಿಂತ ಜನರ ನಡುವೆ ಹಾದು, ಕಾರ್ಡ್ ಒತ್ತಿದೆ. ಅಜ್ಜಿಯೊಬ್ಬರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಮೇಲೆ ಬಂದು ಬರೆದು ಮುಗಿಸಿ, ಮತ್ತೆ ಕೆಳಗಿಳಿದು ಒಳಗೆ ಬಂದಂತೆ ಕಾರ್ಡ್ ಒತ್ತಿದೆ.

ಶುಕ್ರವಾರ ವರದಿ ಕೈಗೆ ಬಂತು. "ಸ್ಥಳೀಯ ಪದ್ಧತಿಗಳಿಗೆ ಬೇಗ ಒಗ್ಗಿಕೊಳ್ಳುತ್ತಾರೆ. ಕಾಯಂ ಮಾಡಬಹುದು." ಕೆಳಗೆ ಒಂದು ಷರಾ: "ಗುರುವಾರದ ಹನ್ನೊಂದು ನಿಮಿಷ ಕೆಲಸದ ಅವಧಿಗೆ ಸೇರುವುದಿಲ್ಲ. ಆ ಹೊತ್ತಿನಲ್ಲಿ ಇವರು ರಾಜರಾಗಿದ್ದರು."