ಡೀಸೆಲ್ ಕುದಿಯುತ್ತಿದೆ ಎಂದವನು

ಈ ಭಾನುವಾರ ಭೂಮಿ ಬಾಯಿಬಿಟ್ಟರೂ ಸರಿ, ಹೆಂಡತಿಗೆ ಸಮುದ್ರ ತೋರಿಸಿಯೇ ಸಿದ್ಧ ಎಂದು ಘೋಷಿಸಿದೆ. ಲಾಠಿಗೇ ಬಗ್ಗದವನು ಒಂದು ಹಳೇ ಡೀಸೆಲ್ ಕಾರಿಗೆ ಬಗ್ಗುತ್ತೇನೆಯೇ!

ಈ ಸಮುದ್ರದ ಮಾತು ಹುಟ್ಟಿದ್ದು ಪೊಲೀಸ್ ವ್ಯಾನಿನಲ್ಲಿ. ಮದುವೆಗೆ ಮುಂಚೆ, ಒಂದೇ ಮೆರವಣಿಗೆಯಿಂದ ನಮ್ಮಿಬ್ಬರನ್ನೂ ಎತ್ತಿ ಹಾಕಿಕೊಂಡು ಹೊರಟಿದ್ದರು. ಜಾಲರಿಯ ಸಂದಿನಿಂದ ಉಪ್ಪುಗಾಳಿ ಬಂತು. ಅವಳು ಜಾಲರಿಗೆ ಮೂಗು ಒತ್ತಿ, ತಾನು ಸಮುದ್ರವನ್ನೇ ನೋಡಿಲ್ಲ ಎಂದಳು. ನಾನು ತೋರಿಸುತ್ತೇನೆ ಎಂದೆ. ಮದುವೆಯಾಯಿತು, ಮಗಳು ಹುಟ್ಟಿದಳು, ಮಗಳಿಗೂ ಮದುವೆಯಾಯಿತು. ಸಮುದ್ರ ಮಾತ್ರ ಮುಂದಿನ ವಾರದಲ್ಲೇ ಉಳಿಯಿತು. ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಾಗಲೆಲ್ಲ "ಜನ ಕುದೀತಿದಾರೆ ಕಣೇ, ಈ ವಾರ ಆಗಲ್ಲ" ಎಂದು ಬಾವುಟ ಎತ್ತಿಕೊಂಡು ಓಡುತ್ತಿದ್ದೆ. ಓಡಿ ಹೋಗಿ ನೋಡಿದರೆ ಎಷ್ಟೋ ಸಲ ಅಲ್ಲಿ ಕುದಿಯುತ್ತಿದ್ದದ್ದು ಚಹಾ ಒಂದೇ.

ಈಗ ಮೊಣಕಾಲು ಮೆರವಣಿಗೆಗೆ ಒಪ್ಪುವುದಿಲ್ಲ, ಕಾರು ಬಂದಿದೆ. ಆದರೆ ಈ ಕಾರಿಗೂ ಒಂದು ಹಟ. ಮನೆಯಿಂದ ಕುದುರೆಯಂತೆ ಹೊರಡುತ್ತದೆ. ಸಮುದ್ರಕ್ಕೆ ಮುಂಚಿನ ದಿಬ್ಬದಲ್ಲಿ, ಸರಿಯಾಗಿ ಉಪ್ಪುಗಾಳಿ ಮುಖಕ್ಕೆ ತಾಗುವ ಕಡೆ, ಕೆಮ್ಮಿ ನಿಂತುಬಿಡುತ್ತದೆ. ತಣ್ಣಗಾದ ಮೇಲಷ್ಟೇ ಮತ್ತೆ ಏಳುವುದು. ಅಷ್ಟರಲ್ಲಿ ಕತ್ತಲು, ಮನೆಗೆ ವಾಪಸ್. ಪ್ರತಿ ಸಲವೂ ನಾನು ಬಾನೆಟ್ಟಿನ ಕೆಳಗೆ, ಅವಳು ರಸ್ತೆ ಅಂಚಿನಲ್ಲಿ ಗಾಳಿಗೆ ಮುಖ ಕೊಟ್ಟುಕೊಂಡು.

ಬ್ಯಾಟರಿ ಬದಲಾಯಿಸಿದೆ, ಟ್ಯಾಂಕು ತೊಳೆಸಿದೆ, ಫಿಲ್ಟರ್ ಹೊಸದು ಹಾಕಿಸಿದೆ. ಮೆಕ್ಯಾನಿಕ್ಕು ಕೊನೆಗೆ, ಡೀಸೆಲ್ ಎಷ್ಟು ಕಾದಿದೆ ಎಂದು ಎಂಜಿನ್ನಿಗೆ ಹೇಳುವ ಸೆನ್ಸರ್ ಕೆಟ್ಟಿರಬಹುದು, ಕಿತ್ತುಹಾಕೋಣ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಬೆಂಕಿ ಬಿದ್ದಿದೆ ಎಂದು ಕೂಗಿದವನನ್ನೇ ಕೆಲಸದಿಂದ ಕಿತ್ತುಹಾಕುವುದೇ! ಇದಕ್ಕೇನಾ ನಾವು ಜೈಲಿಗೆ ಹೋದದ್ದು? ಗ್ಯಾರೇಜಿನಲ್ಲೇ ಭಾಷಣ ಮಾಡಿದೆ. ಅವನು ಸಮಾಧಾನವಾಗಿ ಪಕ್ಕದ ಕಾರಿನ ಕೆಳಗೆ ನುಸುಳಿದ.

ಭಾನುವಾರ ಬಂತು. ಅದೇ ದಿಬ್ಬ, ಅದೇ ಕೆಮ್ಮು. ಅಳಿಯ ಕೊಟ್ಟಿದ್ದ, ಕಾರಿನ ಕಾಯಿಲೆ ಹೇಳುವ ಪುಟ್ಟ ಯಂತ್ರವನ್ನು ಕಾರಿಗೆ ಸಿಕ್ಕಿಸಿ ಫೋನಿನಲ್ಲಿ ನೋಡಿದೆ. ಡೀಸೆಲ್ಲಿನ ಬಿಸಿ ನೂರಾ ನಲವತ್ತು ಡಿಗ್ರಿ!

"ನೋಡು, ಬಡಪಾಯಿ ಸೆನ್ಸರ್ ಆಗಿಂದ ಬಡ್ಕೋತಿದಾನೆ, ಕುದೀತಿದೆ ಅಂತ. ಕೇಳೋರೇ ಇಲ್ಲ" ಎಂದೆ.

ಅವಳು ರಸ್ತೆ ಅಂಚಿನಿಂದ ಬಂದಳು. ಎಲ್ಲಿದೆ ಡೀಸೆಲ್ ಎಂದು ಕೇಳಿ, ಫಿಲ್ಟರಿನ ಮೇಲೆ ಅಂಗೈ ಇಟ್ಟಳು, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ. ಇಟ್ಟ ಕೈ ತೆಗೆಯಲಿಲ್ಲ.

"ಬೆಚ್ಚಗಿದೆ, ಅಷ್ಟೆ. ಕುದೀತಿದ್ರೆ ನನ್ ಕೈ ಇರ್ತಿತ್ತಾ?"

"ಕೆಳಗಿರೋನ ಮಾತು ನಂಬಬೇಕು ಕಣೇ."

"ಕೆಳಗಿರೋನು ಸುಳ್ಳು ಹೇಳಲ್ಲ ಅಂತ ಯಾರಂದ್ರು? ನಾನೂ ನಿಮ್ ವ್ಯಾನಲ್ಲೇ ಬಂದೋಳು. ಅವನ ವೈರ್ ಯಾವ್ದು, ತೋರ್ಸಿ."

ಸಂಗಾತಿಯನ್ನು ಪೊಲೀಸರಿಗೆ ಹಿಡಿದುಕೊಟ್ಟ ಪಾಪಿಯಂತೆ ಬೆರಳು ತೋರಿಸಿದೆ. ಎಳೆದಳು. ಕೀಲಿ ತಿರುಗಿಸಿದಳು. ಕಾರು ಎದ್ದಿತು! ಕುದಿಯುತ್ತಿದೆ ಎಂದು ಸೆನ್ಸರ್ ಕೂಗಿದರೆ ಎಂಜಿನ್ನು ಹೆದರಿ ನಿಲ್ಲುತ್ತದಂತೆ, ಕೂಗುವವನ ಬಾಯಿ ನಿಂತರೆ ಎಲ್ಲ ಮಾಮೂಲು ಎಂದುಕೊಂಡು ತನ್ನ ಕೆಲಸ ನೋಡಿಕೊಳ್ಳುತ್ತದಂತೆ. ಇದನ್ನು ಮೆಕ್ಯಾನಿಕ್ಕು ಹೇಳಿದ್ದನೋ ಏನೋ. ಆಗ ನಾನು ಭಾಷಣದಲ್ಲಿದ್ದೆ.

ದಿಬ್ಬ ಇಳಿದೆವು. ಸಮುದ್ರ ಅಲ್ಲೇ ಇತ್ತು. ಇಷ್ಟು ವರ್ಷವೂ ಅಲ್ಲೇ ಇತ್ತು. ಬಿಸಿಲು ಇನ್ನೂ ಒಂದು ಚೂರು ಉಳಿದಿತ್ತು. ಅವಳು ಮರಳಿನ ಮೇಲೆ ಕೂತಳು, ವ್ಯಾನಿನಲ್ಲಿ ಕೂತಿದ್ದಳಲ್ಲ, ಹಾಗೇ ಮೂಗು ಮುಂದೆ ಮಾಡಿಕೊಂಡು. ಮುಂದೆ ಜಾಲರಿ ಇರಲಿಲ್ಲ. ಇಂಥ ಹೊತ್ತಿಗೆ ನನಗೆ ಗೊತ್ತಿರುವ ಮದ್ದು ಭಾಷಣ ಒಂದೇ.

"ಏನೇ ಹೇಳು, ವಿಚಾರಣೆ ಇಲ್ಲದೆ ಅವನನ್ನ ಕಿತ್ತಿದ್ದು..."

"ಸ್ವಲ್ಪ ಸುಮ್ನಿರ್ತೀರಾ?" ನೀರಿನಿಂದ ಕಣ್ಣು ತೆಗೆಯದೆಯೇ ಅಂದಳು. "ನಿಮಗೂ ಅಂಥದ್ದೊಂದು ವೈರ್ ಇದ್ದಿದ್ರೆ, ಮದುವೆಯಾದ ವಾರವೇ ಕಿತ್ತು, ಸಮುದ್ರ ನೋಡಿರ್ತಿದ್ದೆ."

ನಾನು ಬಾಯಿ ಮುಚ್ಚಿ, ಚಪ್ಪಲಿ ಬಿಚ್ಚಿ, ಅವಳ ಪಕ್ಕ ಕೂತೆ.