ನಮ್ಮ ಮಾವಶಿಯ ಪಗಾರಶಾಸ್ತ್ರ

ನಮ್ಮ ಮಾವಶಿ ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವರಲ್ಲ. ಅಡುಗೆಮನೆಯಲ್ಲಿ ನಿಂಬೆಹಣ್ಣು ಜಾರಿ ಕಾಲಿಗೆ ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಪೈಕಿ. ಆದರೂ ಸವಣೂರಿನ ಫುಟ್‌ಬಾಲ್ ತಂಡವನ್ನು ಗೆಲ್ಲಿಸಿದವರು ಅವರೇ, ಮುಳುಗಿಸಿದವರೂ ಅವರೇ ಎಂದು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಜನ ಹೇಳುತ್ತಾರೆ. ಮೊದಲನೆಯ ಮಾತನ್ನು ಮಾವಶಿ ಒಪ್ಪುವುದಿಲ್ಲ. ಎರಡನೆಯದನ್ನು ಯಾರೂ ಕೇಳದಿದ್ದರೂ ಒಪ್ಪಿಕೊಳ್ಳುತ್ತಾರೆ.

ಮಾವಶಿ ಎಂದರೆ ನಮ್ಮ ಅವ್ವನ ತಂಗಿ. ಶಿಗ್ಗಾವಿಯ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸಿ ನಿವೃತ್ತರಾದವರು. ಅವರ ಯಜಮಾನರು, ಅಂದರೆ ನಮ್ಮ ಕಾಕಾ, ಸವಣೂರಿನಲ್ಲಿ ಡಾಕ್ಟರು. ಊರಿನ ಫುಟ್‌ಬಾಲ್ ತಂಡ ಕಟ್ಟಿದವರೂ ಅವರೇ ಆದ್ದರಿಂದ ಅವರ ದವಾಖಾನೆಗೆ ಜ್ವರದವರಿಗಿಂತ ಮೊಣಕಾಲು ತರಚಿಕೊಂಡವರೇ ಹೆಚ್ಚು ಬರುತ್ತಿದ್ದರು. ಆಟಕ್ಕೆ ಕಳಿಸಿ ಗಾಯ ಮಾಡಿಸುವವರು ಇವರು, ಪಟ್ಟಿ ಕಟ್ಟುವವರು ಇವರು, ಕೊನೆಗೆ ಫೀ ಬೇಡ ಎನ್ನುವವರೂ ಇವರೇ. ಇಂಥ ಧಂದೆ ಯಾವ ಕಾಮರ್ಸ್ ಪುಸ್ತಕದಲ್ಲಿದೆ ಎಂದು ಮಾವಶಿ ಗೊಣಗುತ್ತಿದ್ದರು.

ಕಾಕಾ ಒಂದು ಮುಂಜಾನೆ ಎದೆನೋವು ಬಂದು ಹೋಗಿಬಿಟ್ಟರು. ಕರ್ಮಗಳೆಲ್ಲ ಮುಗಿದ ಮೇಲೆ ಕ್ಲಬ್ಬಿನ ಕಮಿಟಿಯವರು ಮಾವಶಿಯನ್ನು ಮಾತಾಡಿಸಲು ಬಂದರು. ಅಧ್ಯಕ್ಷರು ವೀಳ್ಯದೆಲೆಯ ದೊಡ್ಡ ವ್ಯಾಪಾರಿ, ಕಾಕಾನ ಹಳೆಯ ಸ್ನೇಹಿತರು.

"ಡಾಕ್ಟರ ಇಲ್ಲದ ಕ್ಲಬ್ಬು ನಡಿಯಾಂಗಿಲ್ರಿ ಬಾಯಾರ. ಮುಚ್ಚೂದ ಛಲೋ ಅಂತ ಮಾಡೇವ್ರಿ," ಎಂದರು.

ಮಾವಶಿ ಕಣ್ಣೊರೆಸಿಕೊಂಡು ಕೇಳಿದರು: "ಆಡೋರಿಗೆ ಪಗಾರ ಹೆಂಗ ಹಂಚತಿದ್ರಿ?"

"ಗೋಲು ಹೊಡಿಯಾವ್ರಿಗೆ ಜಾಸ್ತಿ. ಹಿಂದ ನಿಂತಾವ್ರಿಗೆ ಅಷ್ಟಿಷ್ಟು."

"ಅದಕ್ಕ ಸೋಲತಿದ್ರಿ."

ಸಮಾಧಾನ ಹೇಳಲು ಬಂದವರು ಹೊಸ ಖಜಾಂಚಿಯನ್ನು ಗಂಟುಹಾಕಿಕೊಂಡು ಹೋದರು.

ಪಗಾರ ಎಂದ ಕೂಡಲೇ ಟಿವಿಯಲ್ಲಿ ಕಾಣುವ ಕೋಟಿಗಳನ್ನು ನೆನೆಯಬೇಡಿ. ನಮ್ಮ ತಂಡದವರೆಲ್ಲ ದಿನಾ ದುಡಿದು ಉಣ್ಣುವವರು. ಒಂದು ದಿನ ಆಡಿದರೆ ಆ ದಿನದ ದುಡಿಮೆ ಹೋಗುತ್ತದೆ. ಅದನ್ನು ತುಂಬಿಕೊಡಲು ಎಲೆ ವ್ಯಾಪಾರಿಗಳು ವಂತಿಗೆ ಹಾಕುತ್ತಿದ್ದರು, ಗೆದ್ದರೆ ಬಹುಮಾನವೂ ಅದಕ್ಕೇ ಸೇರುತ್ತಿತ್ತು. ಆ ಸಣ್ಣ ಗಂಟನ್ನು ಹಂಚುವುದರಲ್ಲೇ ಸೋಲು ಗೆಲುವು ಇದೆ ಎನ್ನುವುದು ಮಾವಶಿಯ ಶಾಸ್ತ್ರ.

ಶಾಸ್ತ್ರ ಹೀಗಿತ್ತು. ಎಲ್ಲರಿಗಿಂತ ಹೆಚ್ಚು ಗೋಲ್‌ಕೀಪರನಿಗೆ. ಆಮೇಲೆ ಹಿಂದೆ ನಿಂತು ತಡೆಯುವವರಿಗೆ. ಎಲ್ಲರಿಗಿಂತ ಕಡಿಮೆ ಗೋಲು ಹೊಡೆಯುವವನಿಗೆ. ಕಮಿಟಿಯಲ್ಲಿ ಗದ್ದಲವೆದ್ದಾಗ ಮಾವಶಿ ಹೇಳಿದರು: "ಗೋಲು ಹೊಡದಾವನ್ನ ಹೆಗಲ ಮ್ಯಾಲೆ ಹೊತ್ಕೊಂಡು ಕುಣೀತೀರಿ. ಅದೂ ಒಂದು ಪಗಾರ. ತಡದಾವಗ ಏನು ಕೊಡ್ತೀರಿ? ಮೈಮ್ಯಾಲಿನ ಮಣ್ಣು ಝಾಡಿಸ್ಲಿಕ್ಕೂ ಒಬ್ಬರು ಹೋಗಂಗಿಲ್ಲ." ಇನ್ನೊಂದು ನಿಯಮವೂ ಇತ್ತು. ಮೇಲಿನವನಿಗೂ ಕೆಳಗಿನವನಿಗೂ ನಡುವೆ ಅಂತರ ಇರಲಿ, ಆದರೆ ವಾರದ ಸಂತೆಯ ಖರ್ಚಿನಷ್ಟಿರಲಿ, ಮನೆ ಕಟ್ಟಿಸುವಷ್ಟು ಬೇಡ.

ಇದನ್ನು ಅವರು ಮೈದಾನಕ್ಕಷ್ಟೇ ಬಿಟ್ಟಿದ್ದರೆ ನಾವು ಬದುಕುತ್ತಿದ್ದೆವು. ಆಡೂರಿನಲ್ಲಿ ನನ್ನ ತಮ್ಮನ ಮಗನ ಮುಂಜಿವೆ ಆಯಿತು. ಸಂಭಾವನೆ ಹಂಚುವ ಕೆಲಸ ಯಾರೋ ಮರೆತು ಮಾವಶಿಗೆ ವಹಿಸಿದರು. ಪಾತ್ರೆ ತೊಳೆದ ಹೆಂಗಸಿಗೆ ಎಲ್ಲರಿಗಿಂತ ಹೆಚ್ಚು ಕೊಟ್ಟರು, ಅಡುಗೆಯ ಆಚಾರ್ಯರಿಗೆ ಎಲ್ಲರಿಗಿಂತ ಕಡಿಮೆ. ಆಚಾರ್ಯರು ನೋಟನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಊಟ ಛೊಲೊ ಆಗಲಿಲ್ಲೇನ್ರಿ ಬಾಯಾರ?"

"ಭಾಳ ಛೊಲೊ ಆಗೇದ. ಪಂಕ್ತಿಯೊಳಗ ಎಲ್ಲಾರೂ ಅದನ್ನ ಅಂದ್ರಲ್ಲ, ಕೇಳಿದ್ರಿಲ್ಲೋ? ಆಕೀಗೆ ಯಾರು ಅಂದ್ರು?"

ಆಚಾರ್ಯರು ಮಡಿಪಂಚೆ ಎತ್ತಿಕಟ್ಟಿ ಹೇಳಿದರು: "ಹಂಗಾರ ಮುಂದಿನ ಮುಂಜಿವಿಗೆ ನಾನೂ ಪಾತ್ರಿ ತೊಳೀಲಿಕ್ಕೇ ಬರ್ತೇನಿ."

ಪಂದ್ಯಕ್ಕೆ ಮಾವಶಿಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದ ಕರ್ಮ. ಹಾನಗಲ್ಲಿನಲ್ಲಿ ಮೇಷ್ಟರ ಕೆಲಸ ನನ್ನದು, ಹಳೆಯದೊಂದು ಕಾರು ಇದೆ. ಕಾರಿದ್ದವನಿಗೆ ಸಂಬಂಧಿಕರು ಹೆಚ್ಚು! ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು, ಒಂಬತ್ತು ಗಜದ ಸೀರೆಯ ಸೆರಗು ಹೊದ್ದು, ಅವರು ಎಲ್ಲರೂ ನೋಡುವ ದಿಕ್ಕಿಗೆ ವಿರುದ್ಧ ದಿಕ್ಕನ್ನು ನೋಡುತ್ತ ಕೂರುತ್ತಿದ್ದರು. ಮೊದಲು ನಾನು ಕಣ್ಣಿನ ಪೊರೆ ಎಂದುಕೊಂಡೆ. ಕೇಳಿದೆ.

"ಚೆಂಡು ಇದ್ದಾವನ್ನ ಎಲ್ಲಾರೂ ನೋಡ್ಲಿಕ್ಕತ್ತಾರ. ನಾ ಚೆಂಡು ಇಲ್ಲದವರು ಏನು ಮಾಡ್ತಾರ ನೋಡ್ತೇನಿ. ಆಟ ಅಲ್ಲೇ ಅದ."

ಆಫ್‌ಸೈಡ್ ಮಾತ್ರ ಅವರ ತಲೆಗೆ ಹತ್ತಲಿಲ್ಲ. ಬಾವುಟ ಹಿಡಿದವನನ್ನು ಹತ್ತಿರ ಕರೆದು, "ಮುಂಚೆ ಬಂದು ನಿಂತಾವಗ ಶಿಕ್ಷಾ, ತಡಾ ಮಾಡಿ ಬಂದಾವಗ ಶಾಬಾಸ್‌ಗಿರಿ. ನಮ್ಮ ಕಾಲೇಜಿನ್ಯಾಗೂ ಹಿಂಗ ಇತ್ತು ಬಿಡಪಾ," ಎಂದರು. ಅವನು ಪಾಪ, ಆ ಪಂದ್ಯದಲ್ಲಿ ಮತ್ತೆ ಬಾವುಟವನ್ನೇ ಎತ್ತಲಿಲ್ಲ.

ನಗುತ್ತಿದ್ದವರು ನಿಧಾನವಾಗಿ ನಗುವುದು ಬಿಟ್ಟರು. ತಂಡ ಗೆಲ್ಲತೊಡಗಿತ್ತು. ಗೋಲ್‌ಕೀಪರ್ ಖಾದರ್ ಬಂಕಾಪುರದವನು, ವೆಲ್ಡಿಂಗ್ ಕೆಲಸ, ಮೂರು ಹೆಣ್ಣುಮಕ್ಕಳ ತಂದೆ. ಪಗಾರದಲ್ಲಿ ತಾನೇ ದೊಡ್ಡವನು ಎಂದು ತಿಳಿದ ದಿನದಿಂದ ಅವನು ಹಾರಿದ್ದೇ ಹಾರಿದ್ದು. ಗೋಲಿನ ಕಡೆಗೆ ಬರದ ಚೆಂಡಿಗೂ ಹಾರುತ್ತಿದ್ದ. ಹಿಂದೆ ನಿಲ್ಲುವ ಫಕೀರಪ್ಪ ಮಾಸೂರಿನವನು, ಮದಗದ ಕೆರೆಯ ನೀರುಂಡ ಗದ್ದೆಗಳಲ್ಲಿ ಕೂಲಿ ಮಾಡಿದ ಕಾಲುಗಳು. ಅವನನ್ನು ದಾಟುವುದೆಂದರೆ ಎತ್ತನ್ನು ದಾಟಿದಂತೆ. ಮುಂದಿನವರು ಕಡಿಮೆ ಪಗಾರಕ್ಕೆ ಮುಖ ಊದಿಸಲಿಲ್ಲವೇ? ಇಲ್ಲ. ಗೋಲು ಹೊಡೆದಾಗ ಮೊದಲು ಓಡಿಬಂದು ಅಪ್ಪಿಕೊಳ್ಳುತ್ತಿದ್ದವನು ಖಾದರನೇ, ಇಡೀ ಮೈದಾನ ದಾಟಿ. ಅದರ ಮುಂದೆ ಸಂತೆಯಷ್ಟು ಅಂತರ ಯಾರಿಗೆ ನೆನಪಿರುತ್ತದೆ?

ಹೀಗೇ ಇದ್ದಿದ್ದರೆ. ಆದರೆ ಹಾನಗಲ್ಲಿನಲ್ಲಿ ನಡೆದ ಫೈನಲಿನಲ್ಲಿ ನಮ್ಮವರು ಸೋತರು. ಎದುರು ತಂಡದವರು ಅದೊಂದು ಪಂದ್ಯಕ್ಕೆಂದು ಬೆಳಗಾವಿಯಿಂದ ಒಬ್ಬ ಆಟಗಾರನನ್ನು ಕರೆಸಿದ್ದರು. ಹೆಸರು ಸುನೀಲ. ಅವನು ದೂರದಿಂದ ಒದ್ದ ಫ್ರೀಕಿಕ್ಕು ನಮ್ಮವರ ತಲೆಗಳ ಮೇಲೆ ಏರಿ, ಏನೋ ನೆನಪಾದಂತೆ ಬಾಗಿ, ಖಾದರನ ಬೆರಳ ತುದಿ ಸವರಿ ಒಳಗೆ ಇಳಿಯಿತು. ಪಕ್ಕಕ್ಕೆ ತಿರುಗಿ ನೋಡಿದೆ. ಮಾವಶಿ ಬಾಯಿ ತೆರೆದು ಕೂತಿದ್ದರು. ಅವತ್ತು ಮೊದಲ ಸಲ ಅವರು ಚೆಂಡನ್ನು ನೋಡಿದ್ದರು.

ಅಧ್ಯಕ್ಷರು ಬಿಡಲಿಲ್ಲ. "ಅವನ್ನ ನಾವ ತರಸೂಣ್ರಿ ಬಾಯಾರ. ಉಳಿದ ಎಲ್ಲಾರ ಪಗಾರ ಕೂಡ್ಸಿದಷ್ಟು ಕೇಳಾಕತ್ತಾನ. ಆ ರೊಕ್ಕದ ಜವಾಬ್ದಾರಿ ನಂದು. ಡಾಕ್ಟರ ಇದ್ದಾಗ ಕಪ್ಪು ನೋಡ್ಲಿಲ್ಲ, ನೀವರೆ ನೋಡ್ರಿ."

ಬೇರೆ ಯಾರಾದರೂ ಕೇಳಿದ್ದರೆ ಮಾವಶಿ ಅರ್ಧ ತಾಸು ಪಾಠ ಮಾಡಿ ಕಳಿಸುತ್ತಿದ್ದರು. ಆದರೆ ಡಾಕ್ಟರ ಹೆಸರು ಬಂದಿತ್ತು, ಕಣ್ಣಿನಲ್ಲಿ ಆ ಚೆಂಡು ಇನ್ನೂ ಬಾಗುತ್ತಿತ್ತು. "ತರಸ್ರಿ," ಎಂದರು. ಮನೆಗೆ ಹೋಗುವಾಗ ಕಾರಿನಲ್ಲಿ ನನಗೆ ಹೇಳಿದರು: "ಇಷ್ಟು ವರ್ಷ ಕಲಿಸಿದ್ದನ್ನ ಇವತ್ತ ನಾನ ಅಳಿಸಿಬಿಟ್ಟೆ ನೋಡು."

ಸುನೀಲ ಬಂದ. ಮೃದು ಮಾತಿನ, ತೆಳ್ಳಗಿನ ಹುಡುಗ. ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದ, ಊರು ಅವನನ್ನು ಹೊತ್ತು ಕುಣಿಯಿತು. ಮೈದಾನ ದಾಟಿ ಓಡಿಬರುತ್ತಿದ್ದ ಖಾದರ್ ಮಾತ್ರ ಅವತ್ತು ತನ್ನ ಕಂಬಕ್ಕೆ ಒರಗಿ ಕೈಗವಸು ಸರಿಮಾಡಿಕೊಳ್ಳುತ್ತಿದ್ದ.

ಆಮೇಲೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಜಗಳವಿಲ್ಲ, ತಕರಾರಿಲ್ಲ. ಚಹಾ ಕುಡಿದು ಏಳುವಾಗ ಯಾರೋ "ಬಿಲ್ಲು ಸುನೀಲಣ್ಣ ಕೊಡ್ತಾನ" ಎಂದು ನಗುತ್ತಿದ್ದರು, ಅವನು ಕೊಡುತ್ತಿದ್ದ. ಎದುರಾಳಿ ಗೋಲು ಹೊಡೆದರೆ "ಅಣ್ಣ ಅದಾನಲ್ಲ, ಎರಡ ಹೊಡೀತಾನ" ಎನ್ನುತ್ತಿದ್ದರು. ಫಕೀರಪ್ಪ ಮೊದಲಿನಂತೆಯೇ ಓಡುತ್ತಿದ್ದ, ಒಂದು ಮಾರು ಕಡಿಮೆ. ಖಾದರ್ ಹಾರುತ್ತಿದ್ದ, ಒಂದು ಗೇಣು ಕಡಿಮೆ. ಹತ್ತು ಜನರ ಒಂದೊಂದು ಮಾರು ಕೂಡಿದರೆ ಒಂದು ಪಂದ್ಯ ಸೋಲಲು ಸಾಕು.

ಒಂದು ಸೋಲಿನ ನಂತರ ಖಾದರ್ ತಾನಾಗಿ ಮಾವಶಿಯ ಕುರ್ಚಿಯ ಹತ್ತಿರ ಬಂದ. "ಬೇಕಂತ ಬಿಟ್ಟಿಲ್ರಿ ಬಾಯಾರ. ಮಕ್ಕಳ ಆಣಿಗೂ. ಚೆಂಡು ಬರೂದು ಕಾಣತೈತಿ, ಕಾಲ ಏಳವಲ್ದು."

"ಗೊತ್ತದಪಾ," ಎಂದರು ಮಾವಶಿ. ಅವನ ಬೆನ್ನಿಗಿದ್ದ ಮಣ್ಣನ್ನು ತಮ್ಮ ಕೈಯಿಂದಲೇ ಝಾಡಿಸಿದರು.

ಅವರು ಮತ್ತೆ ಚೆಂಡಿಲ್ಲದವರನ್ನು ನೋಡತೊಡಗಿದ್ದರು. ಈಗ ಅಲ್ಲಿ ಯಾವಾಗಲೂ ಒಬ್ಬನೇ ಕಾಣುತ್ತಿದ್ದ. ಸುನೀಲ, ಒಂದು ಕೈ ಮೇಲೆತ್ತಿ, ಖಾಲಿ ಜಾಗದಲ್ಲಿ ನಿಂತವನು. ಚೆಂಡು ಅವನ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಹೋಗುತ್ತಿತ್ತು, ಅವನಿಗೆ ಬರುತ್ತಿರಲಿಲ್ಲ.

ಮಾವಶಿ ತಂಡವನ್ನೆಲ್ಲ ಮನೆಗೆ ಕರೆದು ಒಗ್ಗರಣೆ ಅವಲಕ್ಕಿ ಕೊಟ್ಟು, ಮನಸ್ಸಿನಲ್ಲಿ ಏನಿದ್ದರೂ ಹೇಳಿ ಎಂದರು. ಎಲ್ಲರೂ ತಟ್ಟೆ ನೋಡುತ್ತ, "ಏನಿಲ್ರಿ ಬಾಯಾರ, ಎಲ್ಲಾ ಛಲೋ ಐತ್ರಿ," ಎಂದರು. ಸುನೀಲನೂ ಅದನ್ನೇ ಹೇಳಿದ. ಅವರು ಹೋದ ಮೇಲೆ ಮಾವಶಿ ತಟ್ಟೆಗಳನ್ನು ಒಟ್ಟುಮಾಡುತ್ತ ಅಂದರು: "ಕ್ಲಾಸಿನ್ಯಾಗ ಎಲ್ಲಾರೂ ತಿಳೀತ್ರಿ ಅಂದ್ರ ಯಾರಿಗೂ ತಿಳಿದಿಲ್ಲ ಅಂತ ಅರ್ಥ."

ಉಳಿದವರ ಪಗಾರ ಏರಿಸೋಣವೆಂದರೆ ವಂತಿಗೆ ಬತ್ತಿತ್ತು. ಸುನೀಲನದನ್ನು ಇಳಿಸೋಣವೆಂದರೆ ಕೊಟ್ಟ ಮಾತು ಅಡ್ಡ. ಹಾಕಿದ ಉಪ್ಪನ್ನು ಸಾರಿನಿಂದ ತೆಗೆಯಲು ಬರುತ್ತದೆಯೇ?

ಕೊನೆಯ ಪಂದ್ಯ ಹಿರೇಕೆರೂರಿನಲ್ಲಿ. ನಾಲ್ಕು ಗೋಲು ತಿಂದೆವು, ಒಂದನ್ನೂ ಹೊಡೆಯಲಿಲ್ಲ. ಅಧ್ಯಕ್ಷರು ಮೈದಾನದಲ್ಲೇ ಎಲ್ಲರ ಮುಂದೆ ಸುನೀಲನಿಗೆ, "ನಿನ್ನ ಲೆಕ್ಕ ಚುಕ್ತಾ ಆತು, ನಾಳಿಂದ ಬರೂದು ಬ್ಯಾಡ," ಎಂದರು. ಕ್ಲಬ್ಬನ್ನೂ ಮುಚ್ಚುವುದಾಗಿ ಅಲ್ಲೇ ಹೇಳಿಬಿಟ್ಟರು. ತಂಡದವರು ತಮ್ಮ ಟೆಂಪೋ ಹತ್ತಿ ಸವಣೂರಿನ ದಾರಿ ಹಿಡಿದರು. ಮಾವಶಿ ನನ್ನ ಕಾರಿನಲ್ಲಿ ಬಂದು ಕೂತರು.

ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ, "ನಿಲ್ಲಸು," ಎಂದರು. ಕಲ್ಲುಬೆಂಚಿನ ತುದಿಯಲ್ಲಿ ಸುನೀಲ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಾಲಿನಲ್ಲಿ ಇನ್ನೂ ಆಟದ ಬೂಟುಗಳು. ಮಾವಶಿ ಹೋಗಿ ಅವನ ಪಕ್ಕ ಕೂತರು. ನಾನು ಹಿಂದೆ ನಿಂತೆ.

"ಬಸ್ಸು ಯಾವಾಗ?"

"ಹುಬ್ಬಳ್ಳಿ ಗಾಡಿ ಈಗ ಬರತೈತ್ರಿ. ಅಲ್ಲಿಂದ ಬೆಳಗಾವಿಗೆ ಹೋಗ್ತೇನ್ರಿ."

"ಚೆಂಡು ಕೊಡವಲ್ರು ಅಂತ ನನ್ನ ಮುಂದ ಯಾಕ ಹೇಳಲಿಲ್ಲ?"

ಅವನು ಬ್ಯಾಗಿನ ಪಟ್ಟಿಯನ್ನು ಸುತ್ತಿದ, ಬಿಚ್ಚಿದ. "ಹೆಂಗ ಹೇಳ್ಲಿರಿ? ಅಷ್ಟ ಪಗಾರ ತಗೊಳ್ಳಾಂವ ಮತ್ತ ಚೆಂಡೂ ಕೊಡ್ರಿ ಅನ್ನಬೇಕೇನ್ರಿ?"

ಪಟ್ಟಿಯನ್ನು ಮತ್ತೆ ಸುತ್ತುತ್ತ ಅವನೇ ಮುಂದುವರಿಸಿದ: "ಬೆಳಗಾವ್ಯಾಗ ನಮ್ಮ ಓಣಿ ಟೀಮಿನ್ಯಾಗ ಗೋಲು ತಪ್ಪಿದ್ರ ಗೆಳ್ಯಾರು ನಮ್ಮ ಅವ್ವ ಅಪ್ಪನ ಹೆಸರೆಲ್ಲಾ ತಗದು ಬೈತಿದ್ರು ನೋಡ್ರಿ. ಮರುದಿನಾ ಮತ್ತ ಕೂಡಿ ಆಡತಿದ್ವಿ. ಇಲ್ಲಿ ಇವತ್ತಿನತನಾ ನನಗ ಒಬ್ಬರೂ ಬೈಲಿಲ್ರಿ. ಅಣ್ಣಾ, ಅಣ್ಣಾ ಅಂತಾನ ಇದ್ರು."

ಅಷ್ಟರಲ್ಲಿ ಹುಬ್ಬಳ್ಳಿಯ ಬಸ್ಸು ಬಂತು. ಅವನು ಎದ್ದು ಮಾವಶಿಗೆ ಕೈ ಮುಗಿದು ಹತ್ತಿದ, ಕಿಟಕಿಯ ಪಕ್ಕ ಕೂತ. ಮಾವಶಿ ಬೆಂಚಿನಿಂದ ಎದ್ದು ಸೀದಾ ಆ ಕಿಟಕಿಯ ಕೆಳಗೆ ಹೋದರು. ಕಣ್ಣು ತುಂಬಿತ್ತು, ದನಿ ಮಾತ್ರ ಇಡೀ ಬಸ್‌ಸ್ಟ್ಯಾಂಡಿಗೆ ಕೇಳಿಸುವಂತಿತ್ತು.

"ಹುಚ್ಚಪ್ಯಾಲಿ, ಇವತ್ತ ಆ ಎಡಗಡೆಯಿಂದ ಒದ್ದೀಯಲ್ಲ, ಅದೇನು ಒದಿಯೂ ರೀತಿ? ಎದುರಿಗೆ ಗೋಲು ತಗದಿತ್ತು, ಆಕಾಶಕ್ಕ ಒದೀತೀಯಲ್ಲ, ಅಲ್ಲಿ ಯಾರಿದ್ರು ನಿಮ್ಮಜ್ಜ? ಹಿಂದ ಬಂದು ತಡಿಯೋದಂದ್ರ ನಿನಗ ಜೀವದ ಮ್ಯಾಲೆ ಬರ್ತದ. ಕೈ ಎತ್ತಿ ಕಂಬ ನಿಂತಂಗ ನಿಂತರ ಯಾರು ಕೊಡ್ತಾರ ಚೆಂಡು? ಹೋಗಿ ಕಸ್ಕೋಬೇಕು, ಭಾಡ್ಯಾ, ಕಸ್ಕೋಬೇಕು..."

ಬಸ್ಸಿನೊಳಗಿನ ಜನ ತಿರುಗಿ ನೋಡಿದರು. ಕಂಡಕ್ಟರ್ ಸೀಟಿ ಊದಬೇಕೆಂದವನು ಬಾಯಿಗಿಟ್ಟುಕೊಂಡು ಹಾಗೇ ನಿಂತ, ಕೊನೆಗೆ ಊದಿದ. ಗಾಡಿ ಚಲಿಸಿತು. ಮಾವಶಿ ಸೀರೆಯ ನೆರಿಗೆ ಹಿಡಿದು ಅದರ ಜೊತೆಗೇ ನಡೆಯುತ್ತ ಬೈಯುತ್ತಲೇ ಇದ್ದರು. ಸುನೀಲ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ಮುಖ ಒರೆಸಿಕೊಳ್ಳುವುದನ್ನೂ ಮರೆತು, "ಹೂಂ ರಿ ಬಾಯಾರ, ಹೂಂ ರಿ," ಎನ್ನುತ್ತಿದ್ದ.